ಯೋಗ್ಯಕರ್ತದ ಅರಮನೆ

ಇಂಡೊನೇಷಿಯಾದ ಜಾವಾ ದ್ವೀಪದಲ್ಲಿ ಯೋಗ್ಯಕರ್ತವೆಂಬ ನಗರವಿದೆ. ಅದರ ಉತ್ತರಕ್ಕೆ ಮೆರಾಪಿ ಎಂಬ ಜ್ವಾಲಾಮುಖಿ. ದಕ್ಷಿಣಕ್ಕೆ ಹಿಂದೂ ಮಹಾಸಾಗರ. ಇವೆರಡರ ನಡುವಣ ರೇಖೆಯ ಮೇಲೆ ಇಲ್ಲಿಯ ಅರಮನೆ ನೆಲೆಗೊಂಡಿದೆ. ಬೆಟ್ಟಕ್ಕೂ ಕಡಲಿಗೂ ನಡುವೆ ನಿಂತು ನಾಡಿನ ಸಮತೋಲವನ್ನು ಕಾಯುವುದು ಅರಸನ ಧರ್ಮವೆಂಬುದು ಜಾವಾ ಜನರ ಭಾವನೆ.

1755ರಲ್ಲಿ ಡಚ್ಚರ ಸಮಕ್ಷಮದಲ್ಲಿ ನಡೆದ ಗಿಯಾಂತಿ ಒಪ್ಪಂದದಿಂದ ಮತಾರಾಮ್ ರಾಜ್ಯವು ಎರಡಾಯಿತು. ಒಂದು ಭಾಗವನ್ನು ಪಡೆದ ಮಂಕುಬೂಮಿಯು ಒಂದನೆಯ ಹಮೆಂಕುಬುವೋನೋ ಎಂಬ ಹೆಸರಿನಿಂದ ಸುಲ್ತಾನನಾಗಿ ಈ ಅರಮನೆಯನ್ನು ಕಟ್ಟಿಸಿದನು. ಇದನ್ನು 'ಕ್ರಾತೋನ್' ಎನ್ನುವರು. ಒಂದರ ಹಿಂದೊಂದು ಅಂಗಳಗಳು, ಅಂಗಳಗಳಲ್ಲಿ ಗೋಡೆಗಳಿಲ್ಲದ ವಿಶಾಲ ಮಂಟಪಗಳು. 'ಬಂಗ್ಸಾಲ್ ಕೆಂಚಾನಾ' ಎಂಬ ಸ್ವರ್ಣಮಂಟಪವು ಅವುಗಳಲ್ಲಿ ಮುಖ್ಯವಾದುದು.

ಅರಮನೆಯ ಸಮೀಪದಲ್ಲಿಯೇ 'ತಮನ್ ಸಾರಿ' ಎಂಬ ವಿಹಾರೋದ್ಯಾನವಿದೆ. 1758ರಲ್ಲಿ ಇದರ ನಿರ್ಮಾಣ ಆರಂಭವಾಯಿತು. ಕೃತಕ ಸರೋವರ, ಅದರ ನಡುವೆ ದ್ವೀಪಭವನ, ರಾಜಪರಿವಾರದ ಸ್ನಾನಕೊಳಗಳು, ನೆಲದಡಿಯ ಹಾದಿಗಳು ಇದರ ವೈಶಿಷ್ಟ್ಯಗಳು. ವರ್ತುಲಾಕಾರದ ಎರಡಂತಸ್ತಿನ ಮಸೀದಿಯೂ ಇಲ್ಲಿದೆ. ಅದರ ನಡುವೆ ನಾಲ್ಕು ಕಡೆಗಳಿಂದ ಏರಿದ ಮೆಟ್ಟಿಲುಗಳು ಒಂದು ಕಟ್ಟೆಯಲ್ಲಿ ಕೂಡುತ್ತವೆ. ಅಲ್ಲಿಂದ ಐದನೆಯ ಸೋಪಾನವು ಮೇಲಂತಸ್ತಿಗೆ ಹೋಗುತ್ತದೆ. ವಿಹಾರ, ಧ್ಯಾನ, ಪ್ರಾರ್ಥನೆ, ರಕ್ಷಣೆ ಎಲ್ಲವೂ ಈ ಒಂದೇ ಉದ್ಯಾನದಲ್ಲಿ ಸೇರಿದ್ದವು.

ಈ ವೈಭವವು ಬಹುಕಾಲ ಉಳಿಯಲಿಲ್ಲ. 1812ರ ಜೂನ್ ತಿಂಗಳಿನಲ್ಲಿ ಬ್ರಿಟಿಷರ ಸೈನ್ಯವು ಅರಮನೆಯನ್ನು ಮುತ್ತಿ ಗೆದ್ದುಕೊಂಡಿತು. ಎರಡನೆಯ ಹಮೆಂಕುಬುವೋನೋ ಪದಚ್ಯುತನಾಗಿ ಗಡೀಪಾರಾದನು. ಭಂಡಾರದೊಡನೆ ಗ್ರಂಥಾಲಯವೂ ಸೂರೆಯಾಯಿತು. ಆ ಸೈನ್ಯದಲ್ಲಿ ಭಾರತದ ಸಿಪಾಯಿಗಳೂ ಇದ್ದರು. ಆದುದರಿಂದಲೇ ಜಾವಾದವರು ಆ ಘಟನೆಯನ್ನು 'ಗೆಗೆರ್ ಸೆಪೆಹಿ', ಎಂದರೆ ಸಿಪಾಯಿಗಳ ಹಾವಳಿ, ಎಂದು ಕರೆದರು. ಪರಾಧೀನರಾಗಿದ್ದ ಜನರೇ ಮತ್ತೊಂದು ನಾಡನ್ನು ಪರಾಧೀನಗೊಳಿಸಲು ಸಾಧನವಾದುದನ್ನು ಆ ಹೆಸರು ಇಂದಿಗೂ ನೆನಪಿಸುತ್ತದೆ. ಅಂದು ಒಯ್ದ ಹಸ್ತಪ್ರತಿಗಳಲ್ಲಿ 75ರ ಛಾಯಾಪ್ರತಿಗಳು ಮಾತ್ರ 2019ರಲ್ಲಿ ಲಂಡನ್ನಿನಿಂದ ಸುಲ್ತಾನರ ಕೈಸೇರಿದವು.

1867ರ ಭೂಕಂಪದಿಂದ ಉದ್ಯಾನಕ್ಕೂ ತೀವ್ರ ಹಾನಿಯಾಯಿತು. ಕಾಲಕ್ರಮದಲ್ಲಿ ಸರೋವರವು ಬತ್ತಿ, ಅದರ ನೆಲದಲ್ಲಿ ಜನರು ಮನೆಗಳನ್ನು ಕಟ್ಟಿಕೊಂಡರು. ಈಗ ಸ್ನಾನಕೊಳಗಳೂ ಕೆಲವು ಕಟ್ಟಡಗಳೂ ಜೀರ್ಣೋದ್ಧಾರಗೊಂಡು ಉಳಿದಿವೆ.

ಅರಮನೆಯಾದರೋ ಹೊಸ ಬಾಳನ್ನು ಪಡೆಯಿತು. 1946ರಿಂದ 1949ರವರೆಗೆ ಡಚ್ಚರ ವಿರುದ್ಧ ಸ್ವಾತಂತ್ರ್ಯ ಸಂಗ್ರಾಮ ನಡೆಯುತ್ತಿದ್ದಾಗ ಯೋಗ್ಯಕರ್ತವು ಗಣರಾಜ್ಯದ ರಾಜಧಾನಿಯಾಗಿತ್ತು. ಒಂಬತ್ತನೆಯ ಹಮೆಂಕುಬುವೋನೋ ಅರಸನಾಗಿದ್ದೂ ಗಣರಾಜ್ಯದ ಪಕ್ಷವನ್ನು ವಹಿಸಿದನು. 1949ರಲ್ಲಿ ಸ್ಥಾಪನೆಯಾದ ಗಜಮದ ವಿಶ್ವವಿದ್ಯಾಲಯದ ತರಗತಿಗಳಿಗೆ ಅರಮನೆಯ ಮುಂಭಾಗದ ಮಂಟಪಗಳನ್ನೇ ಬಿಟ್ಟುಕೊಟ್ಟನು. ಅರಸರು ಓಲಗ ನಡೆಸಿದ ಸ್ಥಳದಲ್ಲಿ ಸಾಮಾನ್ಯರ ಮಕ್ಕಳು ಪಾಠ ಕೇಳಿದರು.

ಇಂದಿಗೂ ಸುಲ್ತಾನರು ಈ ಅರಮನೆಯಲ್ಲಿ ವಾಸಿಸುತ್ತಾರೆ. ಗಾಮೆಲಾನ್ ವಾದ್ಯಗಳ ನಾದವನ್ನೂ ಜಾವಾದ ನೃತ್ಯವನ್ನೂ ಸವಿಯಲು ಪ್ರವಾಸಿಗರು ಬರುತ್ತಾರೆ. 2023ರಲ್ಲಿ ಯೋಗ್ಯಕರ್ತದ ಈ ರೇಖೆಯೂ ಅದರ ಮೇಲಣ ಸ್ಮಾರಕಗಳೂ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಭೋಗಕ್ಕಾಗಿ ತೋಡಿದ ಸರೋವರವು ಬತ್ತಿಹೋಯಿತು; ವಿದ್ಯೆಗೆ ಬಾಗಿಲು ತೆರೆದ ಅರಮನೆಯು ಜನರ ಗೌರವಕ್ಕೆ ಪಾತ್ರವಾಗಿ ನಿಂತಿದೆ.