ಕಲಬುರಗಿಯ ‘ಅಪ್‌ಡೌನ್’ ಎಂಬ ಮಾತಿನ ವಿಚಾರ

ಬೆಳಗ್ಗೆ ಮನೆಯಿಂದ ಹೊರಟು, ಬೇರೊಂದು ಊರಿನಲ್ಲಿ ದುಡಿದು, ಅದೇ ದಿನ ಸಂಜೆ ಮನೆಗೆ ಮರಳುವವನಿಗೆ ಕನ್ನಡದಲ್ಲಿ ಸಲ್ಲುವ ಹೆಸರು ಯಾವುದು? ವೃತ್ತಪತ್ರಿಕೆಗಳು ‘ನಿತ್ಯಪ್ರಯಾಣಿಕ’ ಎಂದು ಬರೆಯುವುದುಂಟು. ಅದು ಅಚ್ಚಿನ ಮಾತು. ನಾಲಗೆಯ ಮೇಲೆ ಇಲ್ಲ. ಕಲಬುರಗಿ ಪ್ರಾಂತದಲ್ಲಿ ಜನರು ಆಡುವ ಮಾತು ‘ಅಪ್‌ಡೌನ್ ಮಾಡುವುದು’. “ನಮ್ಮ ಮಾಸ್ತರು ಕಲಬುರ್ಗಿಯಿಂದ ಅಪ್‌ಡೌನ್ ಮಾಡ್ತಾರ್ರಿ” ಎಂದರೆ ಅವರು ಹಳ್ಳಿಯಲ್ಲಿ ಮನೆ ಮಾಡಿಲ್ಲವೆಂಬ ಸಣ್ಣ ಆಕ್ಷೇಪಣೆಯೂ ಅದರಲ್ಲಿ ಸೇರಿರುತ್ತದೆ. ಈ ಮಾತು ಎಲ್ಲಿಂದ ಬಂದಿತು, ಯಾರ ವಿಷಯದಲ್ಲಿ ಸಲ್ಲುತ್ತದೆ, ಯಾರ ವಿಷಯದಲ್ಲಿ ಸಲ್ಲದು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಹಳೆಯ ಮಾತುಗಳು ಏಕೆ ಸಾಲಲಿಲ್ಲವೆಂಬುದನ್ನು ಮೊದಲು ನೋಡಬೇಕು. ‘ಪ್ರಯಾಣ’ವು ಮಹಾಕಾವ್ಯದ ಅಷ್ಟಾದಶವರ್ಣನೆಗಳಲ್ಲಿ ಒಂದು, ಮಂತ್ರಾಲೋಚನೆಗೂ ಯುದ್ಧಕ್ಕೂ ನಡುವೆ ಅದಕ್ಕೆ ಸ್ಥಾನ. ಎಂದರೆ ಅದು ದಂಡು ಹೊರಡುವ ಪ್ರಯಾಣ, ಸಂಜೆಗೆ ತಿರುಗಿಬರುವುದಲ್ಲ. ‘ಯಾತ್ರೆ’ಯು ಪುಣ್ಯಕ್ಷೇತ್ರಕ್ಕೆ ಹೋಗುವುದು, ಅದೇ ಶಬ್ದ ತದ್ಭವವಾಗಿ ‘ಜಾತ್ರೆ’ ಎಂದಾಗಿ, ಹೋಗುವವರನ್ನು ಬಿಟ್ಟು ಹೋದವರು ನೆರೆಯುವ ಸ್ಥಳವನ್ನೂ ಉತ್ಸವವನ್ನೂ ಹೇಳುತ್ತದೆ. ಕಲಬುರಗಿಯಲ್ಲಿ ಇದಕ್ಕೆ ಶರಣಬಸವೇಶ್ವರ ದೇವಸ್ಥಾನಕ್ಕಿಂತ ಉತ್ತಮವಾದ ಉದಾಹರಣೆಯನ್ನು ಹುಡುಕಬೇಕಾದುದಿಲ್ಲ. ಹೋಳಿಹುಣ್ಣಿಮೆಯ ಬಳಿಕ ನಡೆಯುವ ರಥೋತ್ಸವಕ್ಕೆ ಸುತ್ತಣ ಜಿಲ್ಲೆಗಳಿಂದ ಭಕ್ತರು ನಡೆದೂ ಬಂಡಿಕಟ್ಟಿಕೊಂಡೂ ಬಂದ ಪದ್ಧತಿ ಹಳೆಯದು. ಅದು ವರ್ಷಕ್ಕೊಮ್ಮೆಯ ಬರವು. ಅದೇ ಗುಡಿಯ ಸುತ್ತಣ ಬೀದಿಗಳಲ್ಲಿ ಇಂದು ದಿನದಿನವೂ ಕಾಣುವ ಸಂದಣಿ ಬೇರೆ ಜಾತಿಯದು. ಸಂಸ್ಥಾನದ ವಿದ್ಯಾಶಾಲೆಗಳಿಗೂ, 2017ರಲ್ಲಿ ಸ್ಥಾಪಿತವಾದ ಶರಣಬಸವ ವಿಶ್ವವಿದ್ಯಾಲಯಕ್ಕೂ ಹೊರಗಿನಿಂದ ಬಂದು ಹೋಗುವ ಅಧ್ಯಾಪಕರು, ಗುಮಾಸ್ತರು, ವಿದ್ಯಾರ್ಥಿಗಳು ಅದರಲ್ಲಿ ಸೇರಿದ್ದಾರೆ. ಇವರ ಬರವನ್ನು ಯಾತ್ರೆಯೆಂದರೆ ನಗೆಗೀಡು.

ಹಾಗಾದರೆ ಹಿಂದಿನವರು ಕೆಲಸಕ್ಕಾಗಿ ದಿನವೂ ನಡೆಯಲಿಲ್ಲವೇ? ನಡೆದರು. ಮೋಳಿಗೆಯ ಮಾರಯ್ಯನು ಕಾಡಿಗೆ ಹೋಗಿ ಸೌದೆ ತಂದು ಊರಿನಲ್ಲಿ ಮಾರಿದನೆಂದೂ, ಆಯ್ದಕ್ಕಿ ಮಾರಯ್ಯನು ಅಕ್ಕಿಯನ್ನು ಆಯಲು ಹೋಗುತ್ತಿದ್ದನೆಂದೂ ಶರಣಚರಿತೆಗಳು ಹೇಳುತ್ತವೆ. ಆದರೆ ಆ ನಡಿಗೆಗೆ ಪ್ರತ್ಯೇಕವಾದ ಹೆಸರಿಲ್ಲ. ಅದು ಕಾಯಕದ ಒಳಗೇ ಅಡಗಿತ್ತು. ಅರಳಗುಂಡಗಿಯಲ್ಲಿ ಹುಟ್ಟಿ ಕಲಬುರಗಿಯಲ್ಲಿ ನೆಲಸಿದ ಶರಣಬಸವೇಶ್ವರರ (1746–1822) ಜೀವಿತದಲ್ಲಿಯೂ ಹೊಲದ ದುಡಿಮೆ, ದಾಸೋಹ, ಮನೆ ಈ ಮೂರರ ನಡುವೆ ಅಂತರವಿದ್ದಂತೆ ತೋರದು. ಮನೆಗೂ ಕೆಲಸಕ್ಕೂ ನಡುವಣ ದಾರಿ ಒಂದು ಬೇರೆಯ ಪದಾರ್ಥವಾಗಿ ಕಾಣಿಸಿಕೊಂಡ ಮೇಲೆಯೇ ಅದಕ್ಕೆ ಹೆಸರು ಬೇಕಾಯಿತು.

ಅದು ಕಾಣಿಸಿಕೊಂಡುದು ಹಳಿಯ ಮೇಲೆ. 1871ರಲ್ಲಿ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ದಾರಿ ಸೊಲ್ಲಾಪುರದಿಂದ ಕಲಬುರಗಿಯ ಮೇಲೆ ಹಾದು ರಾಯಚೂರನ್ನು ಮುಟ್ಟಿ ಮದರಾಸಿನ ದಾರಿಗೆ ಕೂಡಿಕೊಂಡಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲುದಾರಿ ತೆರೆಯಿತು. ಆ ಶತಮಾನದ ಕೊನೆಯ ಭಾಗದಲ್ಲಿಯೇ ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನನ ಹೆಸರಿನ ಬಟ್ಟೆಯ ಗಿರಣಿ ಕಲಬುರಗಿಯಲ್ಲಿ ಎದ್ದಿತು. ಗಿರಣಿ ಮುಚ್ಚಿದರೂ ಎಂ. ಎಸ್. ಕೆ. ಮಿಲ್ ಎಂಬ ಹೆಸರು ಆ ಭಾಗಕ್ಕೆ ಇಂದಿಗೂ ಉಳಿದಿದೆ. ಗಿರಣಿಯ ಕೂಲಿಗಾರರು ಹೆಚ್ಚಾಗಿ ನಡೆಯುವ ದೂರದಲ್ಲಿಯೇ ಇದ್ದವರು. ಮುಂದೆ ಶಹಾಬಾದ, ವಾಡಿಗಳಲ್ಲಿ ಸಿಮೆಂಟು ಕಾರ್ಖಾನೆಗಳು ಬೆಳೆದು, ಒಂದು ಊರಿನಲ್ಲಿ ಮಲಗಿ ಇನ್ನೊಂದು ಊರಿನಲ್ಲಿ ದುಡಿಯುವುದು ರೈಲಿನಿಂದ ಸಾಧ್ಯವಾಯಿತು.

ರೈಲ್ವೆಯವರ ಲೆಕ್ಕದಲ್ಲಿ ಮುಂಬಯಿಯ ಕಡೆಗೆ ಹೋಗುವ ಗಾಡಿ ‘ಅಪ್’, ಅಲ್ಲಿಂದ ಬರುವ ಗಾಡಿ ‘ಡೌನ್’. ನಮ್ಮ ಮಾತಿನ ಮೂಲ ಇದೇ ಎಂದು ತೋರುತ್ತದೆ. ಆದರೆ ಕಲಬುರಗಿಯಿಂದ ವಾಡಿಗೆ ಹೋಗಿಬರುವವನು ಬೆಳಗ್ಗೆ ಡೌನ್ ಗಾಡಿಯನ್ನೂ ಸಂಜೆ ಅಪ್ ಗಾಡಿಯನ್ನೂ ಹತ್ತುತ್ತಾನೆ. ಆದರೂ ಆಡುವ ಮಾತು ‘ಡೌನ್‌ಅಪ್’ ಅಲ್ಲ. ದಿಕ್ಕಿನ ಅರ್ಥ ಅಳಿದು ‘ಹೋಗಿಬರು’ ಎಂಬಷ್ಟೇ ಉಳಿದುದಕ್ಕೆ ಇದೇ ಸಾಕ್ಷಿ. ಹಳಿಯೇ ಇಲ್ಲದ ಹಳ್ಳಿಗೆ ಬಸ್ಸಿನಲ್ಲಿ ಹೋಗುವವನೂ ಅಪ್‌ಡೌನ್ ಮಾಡುತ್ತಾನೆ.

ಇಲ್ಲಿ ಒಂದು ವಿಚಿತ್ರವನ್ನು ಹೇಳದೆ ಇರಲಾಗದು. ನಿಜಾಮರ ಆಡಳಿತಭಾಷೆಯಾಗಿದ್ದ ಉರ್ದುವಿನಲ್ಲಿ ಬರುವುದು ಹೋಗುವುದಕ್ಕೆ ‘ಆಮದ್‌ರಫ್ತ್’ ಎಂಬ ಪಾರಸೀ ಮೂಲದ ಮಾತು ಸಿದ್ಧವಾಗಿಯೇ ಇತ್ತು. ‘ಆಮದ್’ ಎಂದರೆ ಬಂದುದು, ‘ರಫ್ತ್’ ಎಂದರೆ ಹೋದುದು. ಕನ್ನಡವು ಅವೆರಡನ್ನೂ ತೆಗೆದುಕೊಂಡಿತು, ಆದರೆ ಸರಕಿಗೆ ಮಾತ್ರ ಸಲ್ಲಿಸಿತು: ಆಮದು, ರಫ್ತು. ಮನುಷ್ಯನ ಹೋಗಿಬರುವಿಕೆಗೆ ಇಂಗ್ಲಿಷಿನಿಂದ ಬೇರೆಯ ಜೋಡಿಯನ್ನು ಸಾಲ ತರಬೇಕಾಯಿತು. ಮೂಟೆಗೆ ಪಾರಸೀ, ಮಾಸ್ತರಿಗೆ ಇಂಗ್ಲಿಷು!

ಬಸ್ಸಿನ ಇತಿಹಾಸವನ್ನು ಸಂಕ್ಷೇಪವಾಗಿ ಹೇಳಬಹುದು. ನಿಜಾಮ್ ಸಂಸ್ಥಾನದ ರೈಲ್ವೆಯ ಅಂಗವಾಗಿ 1932ರಲ್ಲಿ 27 ಬಸ್ಸುಗಳೊಡನೆ ರಸ್ತೆ ಸಾರಿಗೆ ಇಲಾಖೆ ಮೊದಲಾಯಿತು. 1956ರಲ್ಲಿ ಕಲಬುರಗಿ ಮೈಸೂರು ರಾಜ್ಯಕ್ಕೆ ಸೇರಿತು. 2000ದಲ್ಲಿ ಈಶಾನ್ಯ ಕರ್ನಾಟಕಕ್ಕೆ ಪ್ರತ್ಯೇಕವಾದ ಸಾರಿಗೆ ಸಂಸ್ಥೆ ಕಲಬುರಗಿಯನ್ನೇ ಕೇಂದ್ರವಾಗಿಟ್ಟುಕೊಂಡು ಏರ್ಪಟ್ಟು, 2021ರಲ್ಲಿ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮವೆಂಬ ಹೆಸರನ್ನು ಪಡೆಯಿತು. ಹುಮನಾಬಾದಿನ ರಸ್ತೆಯ ಮೇಲಿರುವ, ಕೆಂಪು ಬಾಳೆಗೆ ಹೆಸರಾದ ಕಮಲಾಪುರವು ಕಲಬುರಗಿಗೆ 40 ಕಿಲೋಮೀಟರಿನ ಒಳಗೇ ಇರುವುದರಿಂದ ಅಪ್‌ಡೌನಿಗೆ ಹೇಳಿಮಾಡಿಸಿದಂತಹ ಊರು. ಅದು ತಾಲ್ಲೂಕು ಕೇಂದ್ರವಾದ ಮೇಲೆ ಕಚೇರಿಗಳು ಬಂದವು. ಕಚೇರಿಯವರೆಲ್ಲ ಅಲ್ಲಿಯೇ ಮನೆ ಮಾಡುವುದಿಲ್ಲ. 2017ರ ಅಕ್ಟೋಬರ್ 29ರಂದು ಉದ್ಘಾಟಿತವಾದ ಬೀದರ–ಕಲಬುರಗಿ ರೈಲುದಾರಿಯೂ ಕಮಲಾಪುರದ ಮೇಲೆಯೇ ಹಾದುಹೋಗುತ್ತದೆ. ಹೀಗೆ ಹಳಿಯಲ್ಲಿ ಹುಟ್ಟಿದ ಮಾತು ರಸ್ತೆಯನ್ನು ಸುತ್ತಿ ಮತ್ತೆ ಹಳಿಗೆ ಬಂದಿದೆ.

ವಾಹನಗಳ ಹೆಸರುಗಳೂ ಸರಿದಾಡಿವೆ. ‘ಗಾಡಿ’ಯು ಎತ್ತಿನದಾಗಿ, ರೈಲಾಗಿ, ಇಂದು ಬರಿಯ ‘ಗಾಡಿ’ ಎಂದರೆ ಮೋಟಾರು ಸೈಕಲ್ಲು ಎಂದಾಗಿದೆ. ಟಾಂಗಾ ಮರೆಯಾಗಿ ಅದರ ಜಾಗದಲ್ಲಿ ಆಟೋ ನಿಂತಿದೆ. ಹಳ್ಳಿಯ ದಾರಿಯಲ್ಲಿ ಮೂರು ಗಾಲಿಯ ‘ಟಂಟಂ’ ಓಡುತ್ತದೆ. ಅದರ ಹೆಸರು ಕೇವಲ ಅನುಕರಣಶಬ್ದ.

ಇನ್ನು ‘ಅಪ್‌ಡೌನ್’ ಯಾರಿಗೆ ಸಲ್ಲದು ಎಂಬ ಪ್ರಶ್ನೆ. ತೊಗರಿಯ ಹೊಲದಲ್ಲಿ ಕಳೆ ತೆಗೆಯುವುದಕ್ಕೂ ರಾಶಿಗೂ ನೆರೆಯ ಊರಿಗೆ ಟಂಟಂನಲ್ಲಿ ಒತ್ತಾಗಿ ಕುಳಿತು ಹೋಗಿ ಸಂಜೆಗೆ ಮರಳುವ ಹೆಣ್ಣುಮಕ್ಕಳು ಮಾಡುವುದೂ ಅದನ್ನೇ. ಆದರೆ ಅವರನ್ನು ಕುರಿತು ‘ಅಪ್‌ಡೌನ್ ಮಾಡುತ್ತಾರೆ’ ಎನ್ನುವುದು ರೂಢಿಯಲ್ಲ. ‘ಕೂಲಿಗೆ ಹೋಗುತ್ತಾರೆ’ ಎನ್ನುವುದೇ ರೂಢಿ. ಸಂಬಳವುಳ್ಳವನ ದಾರಿಗೆ ಹೆಸರು ಬಂದಿದೆ. ಕೂಲಿಯವಳ ದಾರಿ ಇನ್ನೂ ಕೆಲಸದೊಳಗೇ ಅಡಗಿದೆ.

ಇದು ಬರಿಯ ಶಬ್ದದ ಮಾತಲ್ಲ. 2011ರ ಜನಗಣತಿಯಲ್ಲಿ, ಕೆಲಸಕ್ಕೆ ಎಷ್ಟು ದೂರ ಮತ್ತು ಯಾವ ವಾಹನದಲ್ಲಿ ಹೋಗುತ್ತಾರೆಂಬ ಕೋಷ್ಟಕವನ್ನು ‘ಇತರ ಕೆಲಸಗಾರ’ರೆಂಬ ವರ್ಗದ ವಿಷಯದಲ್ಲಿ ಪ್ರಕಟಿಸಿದರು. ಭಾರತದಲ್ಲಿ ಅವರು ಸುಮಾರು 20 ಕೋಟಿ. ಅವರಲ್ಲಿ ಸುಮಾರು ನೂರಕ್ಕೆ 30 ಮಂದಿಗೆ ಹೋಗಬೇಕಾದ ದೂರವೇ ಇಲ್ಲ, ಹೋಗುವವರಲ್ಲಿ ಕಾಲುನಡಿಗೆಯವರೇ ಹೆಚ್ಚು. ಸುಮಾರು 12 ಕೋಟಿ ಸಾಗುವಳಿದಾರರೂ 14 ಕೋಟಿಗೆ ಮೀರಿದ ಕೃಷಿಕೂಲಿಗಳೂ ಆ ವರ್ಗದಲ್ಲಿ ಸೇರಿದವರಲ್ಲ. ಕೋಷ್ಟಕದ ಹೊರಗಿರುವವರು ಒಳಗಿರುವವರಿಗಿಂತ ಹೆಚ್ಚು. ಗಣತಿಯೂ ಆಡುಮಾತೂ ಒಂದೇ ಕಡೆ ಕಣ್ಣು ಮುಚ್ಚಿವೆ. ಹೊಲದ ಕೂಲಿಯವರ ದಾರಿ ಲೆಕ್ಕಕ್ಕೆ ಬರುವುದು, ಸರಕಿನ ವಾಹನ ಮಗುಚಿತೆಂಬ ಸುದ್ದಿಯಲ್ಲಿ.

ಕನ್ನಡದಲ್ಲಿ ಇವರಿಗೆ ಮೀಸಲಾದ ಇನ್ನೊಂದು ಮಾತುಂಟು, ‘ಗುಳೆ’. ತೊಗರಿಯ ರಾಶಿ ಮುಗಿದ ಮೇಲೆ ಮುಂಬಯಿ, ಪುಣೆ, ಹೈದರಾಬಾದು, ಬೆಂಗಳೂರುಗಳಿಗೆ ಸಂಸಾರಸಮೇತ ಹೊರಟುಹೋಗುವುದೇ ಗುಳೆ. ಅಪ್‌ಡೌನಿಗೂ ಗುಳೆಗೂ ಇರುವ ಭೇದ ದೂರದ್ದಲ್ಲ, ರಾತ್ರಿ ಎಲ್ಲಿ ಮಲಗುವರೆಂಬುದರದು. ಹತ್ತಿರದಲ್ಲಿ ಕೆಲಸವೂ ಅದಕ್ಕೆ ಹೊತ್ತಿಗೆ ಸರಿಯಾದ ವಾಹನವೂ ಇದ್ದಲ್ಲಿ ಮನೆಯ ಒಲೆ ಉರಿಯುತ್ತದೆ, ಮಗು ಅದೇ ಶಾಲೆಯಲ್ಲಿ ಉಳಿಯುತ್ತದೆ. ಇಲ್ಲದಿದ್ದರೆ ಬಾಗಿಲಿಗೆ ಬೀಗ ಬೀಳುತ್ತದೆ. ಹಳ್ಳಿಯ ಮಾಸ್ತರು ದಿನವೂ ಬಂದು ಹೋಗುವ ಶಾಲೆಯಲ್ಲಿ ಮಕ್ಕಳೇ ಗುಳೆ ಹೋಗಿರುವುದುಂಟು.

2023ರ ಜೂನ್ 11ರಂದು ಮೊದಲಾದ ‘ಶಕ್ತಿ’ ಯೋಜನೆಯಿಂದ ರಾಜ್ಯದೊಳಗೆ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟಿನ ಹಣವಿಲ್ಲ. ಊರಿನಿಂದ ಕಲಬುರಗಿಗೆ ಬಂದು ಅಂಗಡಿಯಲ್ಲಿಯೋ ಮನೆಗೆಲಸದಲ್ಲಿಯೋ ದುಡಿಯುವವಳಿಗೆ ಇದರ ಪ್ರಯೋಜನ ಪ್ರತ್ಯಕ್ಷ. ಆದರೆ ಬಸ್ಸು ನಿಲ್ಲುವುದು ಹೆದ್ದಾರಿಯಲ್ಲಿ, ಕಳೆ ಇರುವುದು ಹೊಲದಲ್ಲಿ. ಬಸ್ಸಿನ ವೇಳೆ ಕಚೇರಿಯದು, ಹೊಲದ ವೇಳೆ ಸೂರ್ಯನದು. ಆದುದರಿಂದ ಟಂಟಂ ನಿಂತಿಲ್ಲ. ಕಲಬುರಗಿ ಸೀಮೆಯ ಆಡುಮಾತುಗಳನ್ನು ಸಂಗ್ರಹಿಸುವವರು ಕಮಲಾಪುರದ ಬಸ್ ನಿಲ್ದಾಣದಲ್ಲಿ ಒಂದು ಬೆಳಗ್ಗೆ ನಿಂತು, ಪಟ್ಟಣದ ಕೆಲಸಕ್ಕೆ ಬಸ್ಸು ಹತ್ತುವ ಹೆಂಗಸರು ತಮ್ಮ ಹೋಗಿಬರುವಿಕೆಯನ್ನು ಯಾವ ಮಾತಿನಿಂದ ಹೇಳುತ್ತಾರೆಂಬುದನ್ನು ಬರೆದಿಟ್ಟುಕೊಳ್ಳುವುದು ಯುಕ್ತವಾಗಿದೆ.