ನಡುರಾತ್ರಿಯ ಬೆವರು: ಜೊತೆಗೆ ಬಂದದ್ದೇನು?

ಕ್ಷಯರೋಗ ಪತ್ತೆ ಆಂದೋಲನದ ದಿನಗಳಲ್ಲಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ಮುಖ್ಯವಾಗಿ ನಾಲ್ಕು ವಿಷಯ ವಿಚಾರಿಸುತ್ತಾರೆ. ಕೆಮ್ಮು ಇದೆಯೆ, ಜ್ವರ ಬರುತ್ತದೆಯೆ, ತೂಕ ಇಳಿದಿದೆಯೆ, ರಾತ್ರಿ ಮಲಗಿದಾಗ ಮೈ ಬೆವರುತ್ತದೆಯೆ? ಮೊದಲ ಮೂರಕ್ಕೆ ಜನ ಸ್ವಲ್ಪ ಯೋಚಿಸಿ ಉತ್ತರ ಕೊಡುತ್ತಾರೆ. ನಾಲ್ಕನೆಯದಕ್ಕೆ, ‘ಈ ಸೆಕೆಗೆ ಯಾರಿಗವ್ವ ಬೆವರು ಬರಲ್ಲ?’ ಎಂಬ ಮರುಪ್ರಶ್ನೆಯೇ ಉತ್ತರವಾಗಿಬಿಡುತ್ತದೆ. ರಾಯಚೂರು, ಕಲಬುರಗಿಯ ಏಪ್ರಿಲ್ ತಿಂಗಳಲ್ಲಿ ಕರೆಂಟು ಹೋಗಿ ಫ್ಯಾನು ನಿಂತ ಕೋಣೆಯಲ್ಲಿ ಆ ಮಾತು ಸರಿಯೇ. ಆದರೆ ಡಿಸೆಂಬರಿನ ಚಳಿಯಲ್ಲೂ ಅಂಗಿ, ದಿಂಬು, ಹಾಸಿಗೆ ತೊಯ್ದು, ನಡುರಾತ್ರಿ ಎದ್ದು ಬಟ್ಟೆ ಬದಲಿಸಬೇಕಾಗಿ ಬಂದರೆ ಅದಕ್ಕೆ ಸೆಕೆ ಕಾರಣವಲ್ಲ. ವೈದ್ಯರು ‘ರಾತ್ರಿ ಬೆವರು’ ಎನ್ನುವುದು ಇದಕ್ಕೇ.

ಹೀಗೆ ಬೆವರುವವರು ಅಪರೂಪವೇನಲ್ಲ. ಅಮೆರಿಕದಲ್ಲಿ ಕುಟುಂಬ ವೈದ್ಯರ ಕ್ಲಿನಿಕ್‌ಗಳಿಗೆ ಬಂದ 2,267 ಮಂದಿಯನ್ನು ವಿಚಾರಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಶೇ 41ರಷ್ಟು ಜನ ಹಿಂದಿನ ಒಂದು ತಿಂಗಳಲ್ಲಿ ರಾತ್ರಿ ಬೆವರಿದ್ದಾಗಿ ಹೇಳಿದ್ದರು. ಇಷ್ಟೊಂದು ಜನರಿಗೆ ದೊಡ್ಡ ಕಾಯಿಲೆ ಇರುವುದು ಸಾಧ್ಯವಿಲ್ಲ. ಹಾಗಾಗಿ ಬೆವರು ಕಂಡ ಕೂಡಲೇ ಹೆದರಬೇಕಿಲ್ಲ. ಅದು ಒಂಟಿಯಾಗಿ ಬಂದಿದೆಯೋ, ಜೊತೆಗೆ ಇನ್ನೇನನ್ನಾದರೂ ಕರೆತಂದಿದೆಯೋ ಎಂದು ನೋಡಬೇಕು. ರೋಗದ ಸುಳಿವು ಹೆಚ್ಚಾಗಿ ಇರುವುದು ಆ ಜೊತೆಯಲ್ಲಿ.

ಮೈಯ ಬಿಸಿ ಎಷ್ಟಿರಬೇಕೆಂದು ತೀರ್ಮಾನಿಸುವುದು ಮೆದುಳಿನ ಬುಡದಲ್ಲಿರುವ ಹೈಪೊಥಲಾಮಸ್. ಬಿಸಿ ಮಿತಿ ಮೀರಿದರೆ ಅದು ನರಗಳ ಮೂಲಕ ಚರ್ಮದ 20ರಿಂದ 40 ಲಕ್ಷ ಬೆವರು ಗ್ರಂಥಿಗಳಿಗೆ ಸೂಚನೆ ಕಳಿಸುತ್ತದೆ. ಮಣ್ಣಿನ ಹೂಜಿ ಜಿನುಗಿದ ನೀರು ಆರುತ್ತ ಹೂಜಿಯನ್ನು ತಂಪು ಮಾಡುವಂತೆ, ಆರುವ ಬೆವರು ಮೈಯನ್ನು ತಣಿಸುತ್ತದೆ. ಸೋಂಕು ತಗಲಿದಾಗ ರೋಗನಿರೋಧಕ ಕಣಗಳು ಹೊರಬಿಡುವ ರಾಸಾಯನಿಕಗಳು ಹೈಪೊಥಲಾಮಸ್ ಇಟ್ಟುಕೊಂಡ ಮಿತಿಯನ್ನೇ ಮೇಲಕ್ಕೆ ಏರಿಸುತ್ತವೆ. ಜ್ವರ ಬರುವುದು ಹೀಗೆ. ಮಿತಿ ಮತ್ತೆ ಕೆಳಗಿಳಿದಾಗ ಮೈಯಲ್ಲಿ ಉಳಿದ ಹೆಚ್ಚಿನ ಬಿಸಿಯನ್ನು ದೇಹ ಬೆವರಾಗಿ ಹೊರಹಾಕುತ್ತದೆ. ಆರೋಗ್ಯವಂತರಲ್ಲೂ ಮೈಯ ಬಿಸಿ ಸಂಜೆ ಏರಿ, ನಿದ್ದೆಯಲ್ಲಿ ಇಳಿಯುತ್ತ, ಬೆಳಗಿನ ಜಾವ ಅತಿ ಕಡಿಮೆಯಾಗುತ್ತದೆ. ಸಂಜೆ ಏರಿದ ಸಣ್ಣ ಜ್ವರ ರಾತ್ರಿ ಬೆವರಾಗಿ ಇಳಿಯುವುದಕ್ಕೆ ಈ ದಿನಚರಿಯೂ ಕಾರಣ.

ಕ್ಷಯದ ಹಳೆಯ ಗುರುತು ಇದೇ: ಸಂಜೆ ಜ್ವರ, ರಾತ್ರಿ ಬೆವರು, ಹಸಿವಿಲ್ಲದಿರುವುದು, ದಿನೇ ದಿನೇ ಸಡಿಲವಾಗುವ ಬಟ್ಟೆ. ಔಷಧವೇ ಇಲ್ಲದ ಕಾಲದಲ್ಲಿ ಅದು ಅರಮನೆಯನ್ನೂ ಬಿಡಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿ ಕೃಷ್ಣಾಜಮ್ಮಣ್ಣಿ ಕ್ಷಯದಿಂದ ತೀರಿಕೊಂಡರು, ಮೈಸೂರಿನ ಪಿ.ಕೆ. ಸ್ಯಾನಟೋರಿಯಂ ಅವರ ಹೆಸರಿನದು. ಈಗ ಔಷಧವಿದೆ. ಸಾಮಾನ್ಯ ಕ್ಷಯ ಆರು ತಿಂಗಳ ಮಾತ್ರೆಯಲ್ಲಿ ವಾಸಿಯಾಗುತ್ತದೆ. ಆದರೂ ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಭಾಗ ಭಾರತದಲ್ಲೇ ಇದ್ದಾರೆ. ಆದ್ದರಿಂದಲೇ ಇಲ್ಲಿ ಯಾರಾದರೂ ರಾತ್ರಿ ಬೆವರುತ್ತೇನೆಂದರೆ ವೈದ್ಯರ ಮನಸ್ಸು ಮೊದಲು ಹೋಗಬೇಕಾದದ್ದು ಕ್ಷಯದ ಕಡೆಗೆ.

ಜನರಿಗೆ ತಮ್ಮ ಮೈಯ ಬದಲಾವಣೆ ಗೊತ್ತಾಗುವುದಿಲ್ಲ ಎಂಬ ಮಾತನ್ನು ಕರ್ನಾಟಕದ್ದೇ ಒಂದು ಅಧ್ಯಯನ ಅರವತ್ತು ವರ್ಷಗಳ ಹಿಂದೆಯೇ ಅಲ್ಲಗಳೆದಿದೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ರೋಗಿಗಳನ್ನು ಮಾತಾಡಿಸಿ 1963ರಲ್ಲಿ ಪ್ರಕಟಿಸಿದ ವರದಿ ಅದು. ಬಹುಪಾಲು ರೋಗಿಗಳಿಗೆ ತಮಗೆ ಏನೋ ಆಗಿದೆಯೆಂದು ತಿಳಿದಿತ್ತು. ಅರ್ಧದಷ್ಟು ಮಂದಿ ಆಸ್ಪತ್ರೆಯ ಮೆಟ್ಟಿಲು ಹತ್ತಿಯೂ ಬಂದಿದ್ದರು. ಅವರಲ್ಲಿ ಹೆಚ್ಚಿನವರ ಕೈಗೆ ಸಿಕ್ಕಿದ್ದು ಕೆಮ್ಮಿನ ಔಷಧದ ಬಾಟಲಿ. ಹೋದವರು ಎಲ್ಲವನ್ನೂ ಬಿಡಿಸಿ ಹೇಳುವುದು, ಕೇಳುವವರು ತಾಳ್ಮೆಯಿಂದ ಕೇಳುವುದು ಇಂದಿಗೂ ಅಷ್ಟೇ ಅಗತ್ಯ.

ಪರೀಕ್ಷೆಯ ಸೌಲಭ್ಯ ಅಂದಿನದಕ್ಕಿಂತ ಬಹಳ ಹತ್ತಿರ ಬಂದಿದೆ. ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್‌ನಲ್ಲಿ ರೂಪುಗೊಂಡ ಟ್ರೂನ್ಯಾಟ್ ಯಂತ್ರ ಬ್ಯಾಟರಿಯಲ್ಲೂ ನಡೆಯುತ್ತದೆ, ಕಫದಲ್ಲಿರುವ ಕ್ಷಯದ ರೋಗಾಣುವನ್ನು ಕೆಲವೇ ಗಂಟೆಗಳಲ್ಲಿ ಪತ್ತೆ ಮಾಡುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆ, ಮಾತ್ರೆ ಎರಡೂ ಉಚಿತ. ಚಿಕಿತ್ಸೆಯಲ್ಲಿರುವವರ ಊಟಕ್ಕೆಂದು ನಿಕ್ಷಯ್ ಪೋಷಣ್ ಯೋಜನೆಯಡಿ ಕೊಡುವ ಹಣ 2024ರ ನವೆಂಬರಿನಿಂದ ತಿಂಗಳಿಗೆ 1,000 ರೂಪಾಯಿಯಾಗಿದೆ. ಸಹಾಯವಾಣಿ 1800-11-6666.

ದನ, ಕುರಿ, ಮೇಕೆ ಸಾಕುವ ಮನೆಗಳಲ್ಲಿ ಮತ್ತೊಂದು ರೋಗ ನೆನಪಿನಲ್ಲಿರಬೇಕು: ಬ್ರುಸೆಲ್ಲೋಸಿಸ್. ವೈದ್ಯರೂ ಇದನ್ನು ಮರೆಯುವುದುಂಟು. ವಾರಗಟ್ಟಲೆ ಬಂದು ಹೋಗುವ ಜ್ವರ, ಸೊಂಟ ಮತ್ತು ಕೀಲು ನೋವು, ವಿಪರೀತ ಸುಸ್ತು, ರಾತ್ರಿ ಮೈಯೆಲ್ಲ ನೆನೆಯುವ ಬೆವರು ಇದರ ಲಕ್ಷಣ. ಮಾಲ್ಟಾ ದ್ವೀಪದ ಬ್ರಿಟಿಷ್ ಸೈನಿಕರನ್ನು ಹಾಸಿಗೆ ಹಿಡಿಸುತ್ತಿದ್ದ ಇದೇ ಜ್ವರದ ರೋಗಾಣುವನ್ನು 1887ರಲ್ಲಿ ಡೇವಿಡ್ ಬ್ರೂಸ್ ಗುರುತಿಸಿದರು. ಅದು ಬರುವುದು ಮೇಕೆಯ ಹಸಿ ಹಾಲಿನಿಂದ ಎಂದು 1905ರಲ್ಲಿ ತೋರಿಸಿಕೊಟ್ಟವರು ಅದೇ ದ್ವೀಪದ ವೈದ್ಯ ಥೆಮಿಸ್ಟೊಕ್ಲಿಸ್ ಝಮ್ಮಿಟ್. ಆ ಹಾಲನ್ನು ನಿಲ್ಲಿಸಿದ್ದೇ ಸೈನಿಕರ ಜ್ವರವೂ ಇಳಿಯಿತು.

ನಮ್ಮಲ್ಲಿ ಹಾಲು ಕಾಯಿಸಿ ಕುಡಿಯುವ ರೂಢಿ ಬಹಳಷ್ಟು ಜನರನ್ನು ಕಾಪಾಡಿದೆ. ಅಪಾಯವಿರುವುದು ಕೊಟ್ಟಿಗೆಯಲ್ಲಿ. ಹಸು ಕಂದು ಹಾಕಿದಾಗ, ಈದ ಮೇಲೆ ಕಸ ಬೀಳದೆ ನಿಂತಾಗ ಬರಿಗೈಯಲ್ಲಿ ಅದನ್ನು ಎಳೆದು ತೆಗೆಯುವವರಿಗೆ ಗಾಯದ ಮೂಲಕ ರೋಗಾಣು ಸೇರುತ್ತದೆ. ಕೈಗೆ ಗ್ಲೌಸ್ ಇರಲೇಬೇಕು; ಹೆಣ್ಣು ಕರುಗಳಿಗೆ ನಾಲ್ಕರಿಂದ ಎಂಟು ತಿಂಗಳೊಳಗೆ ಲಸಿಕೆ ಹಾಕಿಸಬೇಕು. ಬಿಡದ ಜ್ವರದಿಂದ ವೈದ್ಯರ ಬಳಿ ಹೋದ ಹೈನುಗಾರರು, ಕುರಿಗಾಹಿಗಳು ತಮ್ಮ ಕಸುಬು ಏನೆಂದು ತಾವಾಗಿಯೇ ಹೇಳಬೇಕು. ಆ ಒಂದು ಮಾತು ಎಷ್ಟೋ ವಾರಗಳ ಅಲೆದಾಟ ತಪ್ಪಿಸುತ್ತದೆ.

ಮಲೇರಿಯಾದ ಬೆವರು ಇಷ್ಟು ಗುಟ್ಟಿನದಲ್ಲ. ಮೊದಲು ಗಡಗಡ ನಡುಕ, ಆಮೇಲೆ ಸುಡುವ ಜ್ವರ, ಕೊನೆಗೆ ಬೆವರು ಸುರಿದು ಜ್ವರ ಬಿಡುವುದು. ಮಂಗಳೂರಿನ ಹಿರಿಯರಿಗೆ ಈ ಕ್ರಮ ಬಾಯಿಪಾಠ.

ಕುತ್ತಿಗೆ, ಕಂಕುಳು, ತೊಡೆಸಂದಿಯಲ್ಲಿ ನೋವಿಲ್ಲದ ಗಂಟು ಕಾಣಿಸಿಕೊಂಡು, ಜೊತೆಗೆ ರಾತ್ರಿ ಬೆವರಿದರೆ ತಡಮಾಡಬಾರದು. ಕ್ಷಯವೂ ಹೀಗೆ ಗಂಟಾಗಿ ಬರುತ್ತದೆ, ದುಗ್ಧಗ್ರಂಥಿಗಳ ಕ್ಯಾನ್ಸರ್ ಆದ ಲಿಂಫೋಮಾ ಕೂಡ. ಆರು ತಿಂಗಳೊಳಗೆ ತೂಕದ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಇಳಿಯುವುದು, 38 ಡಿಗ್ರಿ ಸೆಲ್ಸಿಯಸ್ ದಾಟುವ ಜ್ವರ, ಹಾಸಿಗೆ ತೊಯ್ಯುವ ಬೆವರು, ಈ ಮೂರನ್ನೂ ಕ್ಯಾನ್ಸರ್ ತಜ್ಞರು ಲಿಂಫೋಮಾದ ಹಂತ ಗುರುತಿಸುವಾಗ ಲೆಕ್ಕಕ್ಕೆ ಹಿಡಿಯುತ್ತಾರೆ. ಎರಡೂ ರೋಗಗಳು ಮೇಲ್ನೋಟಕ್ಕೆ ಒಂದೇ ಥರ ಕಾಣುವುದರಿಂದ ಗಂಟಿನ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿ ಮಾಡಿಸದೆ, ಕ್ಷಯವೇ ಇರಬೇಕೆಂದು ಊಹಿಸಿ ಮಾತ್ರೆ ಶುರುಮಾಡಿದರೆ ಅಮೂಲ್ಯ ತಿಂಗಳುಗಳು ಕಳೆದುಹೋಗುತ್ತವೆ. ಹಾಡ್ಕಿನ್ ಲಿಂಫೋಮಾ ಚಿಕಿತ್ಸೆಯಿಂದ ಬಹುಪಾಲು ರೋಗಿಗಳಲ್ಲಿ ಗುಣವಾಗುವ ಕ್ಯಾನ್ಸರ್. ಬಯಾಪ್ಸಿ ಎಂದರೆ ಹೆದರಿ ಮನೆಗೆ ಮರಳುವವರಿಗೆ ಇದನ್ನು ಒತ್ತಿ ಹೇಳಬೇಕು.

ಸಕ್ಕರೆ ಕಾಯಿಲೆಯವರ ರಾತ್ರಿ ಬೆವರಿನ ಕಥೆಯೇ ಬೇರೆ. ಇನ್ಸುಲಿನ್ ತೆಗೆದುಕೊಳ್ಳುವವರು, ಗ್ಲಿಮಿಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆ ನುಂಗುವವರು ಸೋಮವಾರದ ಒಪ್ಪತ್ತೋ ಏಕಾದಶಿಯೋ ಎಂದು ರಾತ್ರಿ ಊಟ ಬಿಟ್ಟು ಮಾತ್ರೆಯನ್ನು ಮಾತ್ರ ಎಂದಿನಂತೆ ತೆಗೆದುಕೊಂಡರೆ ನಡುರಾತ್ರಿ ಸಕ್ಕರೆ ಅಂಶ ಕುಸಿಯುತ್ತದೆ. ಬೆವರು, ಕೆಟ್ಟ ಕನಸು, ಕೈನಡುಕ, ಬೆಳಿಗ್ಗೆ ಎದ್ದಾಗ ತಲೆನೋವು ಅದರ ಗುರುತು. ರಕ್ತದೊತ್ತಡಕ್ಕೆಂದು ಅಟೆನೊಲಾಲ್‌ನಂಥ ಮಾತ್ರೆ ತೆಗೆದುಕೊಳ್ಳುವವರಲ್ಲಿ ಎದೆಬಡಿತ, ನಡುಕ ಗೊತ್ತಾಗದೆ ಹೋಗಬಹುದು. ಬೆವರು ಮಾತ್ರ ಕಾಣಿಸಿಕೊಳ್ಳುತ್ತದೆ. ಹೀಗೆ ಎಚ್ಚರವಾದಾಗ ಗ್ಲುಕೋಮೀಟರಿನಲ್ಲಿ ನೋಡಬೇಕು. 70ಕ್ಕಿಂತ ಕಡಿಮೆಯಿದ್ದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿದು, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಸಾಗಿಸಬೇಕು. ಉಪವಾಸ ಮಾಡುವವರು ಮೊದಲೇ ವೈದ್ಯರಿಗೆ ತಿಳಿಸಿದರೆ ಮಾತ್ರೆಯ ಪ್ರಮಾಣ ಹೊಂದಿಸಿಕೊಡುತ್ತಾರೆ.

ನಲವತ್ತೈದು ದಾಟಿದ ಹೆಂಗಸರಲ್ಲಿ ರಾತ್ರಿ ಬೆವರಿಗೆ ಅತಿ ಸಾಮಾನ್ಯ ಕಾರಣ ಮುಟ್ಟು ನಿಲ್ಲುವುದು. ಈಸ್ಟ್ರೋಜನ್ ಕಡಿಮೆಯಾದಂತೆ ಹೈಪೊಥಲಾಮಸ್ ಬಿಸಿಯ ಅತಿ ಸಣ್ಣ ಏರಿಳಿತವನ್ನೂ ಸಹಿಸದಾಗುತ್ತದೆ. ಎದೆಯಿಂದ ಮುಖಕ್ಕೆ ಬಿಸಿ ಏರಿ, ಬೆವರು ಕಿತ್ತು, ಆಮೇಲೆ ಚಳಿಯಾಗುತ್ತದೆ. ಭಾರತದ ಹೆಂಗಸರಲ್ಲಿ ಮುಟ್ಟು ನಿಲ್ಲುವುದು ಸರಾಸರಿ 46–47ರ ಸುಮಾರಿಗೆ. ಕೆಲವೇ ತಿಂಗಳ ಕಾಟ ಎಂದುಕೊಂಡವರಿಗೆ ಅಚ್ಚರಿಯಾಗಬಹುದು: ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ ಇದು ಮುಂದುವರಿದ ಅವಧಿ ಏಳು ವರ್ಷಕ್ಕೂ ಹೆಚ್ಚು.

ಇಷ್ಟು ದೀರ್ಘ ಕಾಲದ ತೊಂದರೆಯನ್ನು ನಮ್ಮ ಮನೆಗಳಲ್ಲಿ ಹೆಂಗಸರು ಕತ್ತಲಲ್ಲೇ ಎದ್ದು ರವಿಕೆ ಬದಲಿಸಿ, ಯಾರಿಗೂ ಹೇಳದೆ ಮತ್ತೆ ಮಲಗಿ ಕಳೆದುಬಿಡುತ್ತಾರೆ. ಹೇಳಿದರೂ, ‘ಮೈಗೆ ಉಷ್ಣವಾಗಿದೆ, ಮೆಂತ್ಯದ ನೀರು ಕುಡಿ’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಮಜ್ಜಿಗೆ, ಎಳನೀರು, ಅಂಬಲಿ ಒಳ್ಳೆಯವೇ. ಆದರೆ ನಿದ್ದೆಯಿಲ್ಲದೆ ಹಗಲಿನ ಕೆಲಸ ಕೆಡುತ್ತಿದ್ದರೆ ಚಿಕಿತ್ಸೆ ಕೇಳುವ ಹಕ್ಕು ಆಕೆಗಿದೆ. ಹಾರ್ಮೋನ್ ಚಿಕಿತ್ಸೆ ಚೆನ್ನಾಗಿ ಕೆಲಸ ಮಾಡುತ್ತದೆ. ಸ್ತನ ಕ್ಯಾನ್ಸರ್ ಆದವರಿಗೆ, ರಕ್ತ ಹೆಪ್ಪುಗಟ್ಟುವ ತೊಂದರೆ ಇರುವವರಿಗೆ ಅದು ಆಗದು, ಅಂಥವರಿಗೆ ಬೇರೆ ಮಾತ್ರೆಗಳಿವೆ. ಇನ್ನು ಕಲಬುರಗಿ, ಹಾವೇರಿ ಜಿಲ್ಲೆಗಳಲ್ಲಿ ಬಡ ಹೆಂಗಸರಿಗೆ ಅಗತ್ಯವಿಲ್ಲದೆ ಗರ್ಭಕೋಶ ತೆಗೆದ ಪ್ರಕರಣಗಳು ಹೊರಬಂದು ಹೋರಾಟಗಳಾಗಿವೆ. ಗರ್ಭಕೋಶದ ಜೊತೆ ಅಂಡಾಶಯಗಳನ್ನೂ ತೆಗೆದಿದ್ದರೆ ಮೂವತ್ತರ ಹರೆಯದಲ್ಲೇ ಈ ಬೆವರು ಒಮ್ಮೆಲೇ, ಜೋರಾಗಿ ಶುರುವಾಗುತ್ತದೆ. ಅಂಥವರು ಸ್ತ್ರೀರೋಗ ತಜ್ಞರನ್ನು ಕಾಣಲೇಬೇಕು, ಏಕೆಂದರೆ ಅವರ ಮೂಳೆಗಳೂ ಬೇಗ ಸವೆಯುತ್ತವೆ.

ವಯಸ್ಸಿನ ಕಾರಣ ಎಂದು ತಳ್ಳಿಹಾಕುವುದರಲ್ಲಿ ಮತ್ತೊಂದು ಅಪಾಯವಿದೆ. ನಲವತ್ತೆಂಟರ ಹೆಂಗಸಿಗೆ ಬೆವರಿನ ಜೊತೆ ಕೆಮ್ಮು, ಜ್ವರ, ತೂಕ ಇಳಿತ ಇದ್ದರೆ ಅದು ಮುಟ್ಟಿನ ವಿಷಯವಲ್ಲ. ಕೈ ನಡುಗಿ, ಎದೆ ಡವಗುಟ್ಟಿ, ಚೆನ್ನಾಗಿ ಉಂಡರೂ ತೂಕ ಇಳಿಯುತ್ತಿದ್ದರೆ ಥೈರಾಯ್ಡ್ ಹೆಚ್ಚಾಗಿರಬಹುದು.

ಉಳಿದ ಕಾರಣಗಳಲ್ಲಿ ಕೆಲವು ಮನೆಯ ಔಷಧದ ಡಬ್ಬಿಯಲ್ಲೇ ಸಿಗುತ್ತವೆ. ಖಿನ್ನತೆಗೆ ಕೊಡುವ ಹಲವು ಮಾತ್ರೆಗಳು, ಜ್ವರ ಇಳಿಸುವ ಪ್ಯಾರಾಸಿಟಮಾಲ್, ಸ್ಟೆರಾಯ್ಡ್, ಸ್ತನ ಕ್ಯಾನ್ಸರಿಗೆ ಕೊಡುವ ಟ್ಯಾಮಾಕ್ಸಿಫೆನ್ ಬೆವರು ತರಿಸುತ್ತವೆ. ಮಾತ್ರೆಯನ್ನು ತಾವಾಗಿ ನಿಲ್ಲಿಸದೆ ವೈದ್ಯರನ್ನು ಕೇಳಬೇಕು. ರಾತ್ರಿ ಕುಡಿದ ಮದ್ಯವೂ, ದಿನಾ ಕುಡಿಯುವವರು ಒಮ್ಮೆಲೇ ಅದನ್ನು ಬಿಡುವುದೂ ಬೆವರು ತರಿಸುತ್ತವೆ. ಗೊರಕೆಯ ನಡುವೆ ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾ ಇರುವವರಲ್ಲಿ ಪದೇ ಪದೇ ಬೆವರುವುದು ಇತರರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಎಂದು ಐಸ್‌ಲ್ಯಾಂಡಿನ ಅಧ್ಯಯನವೊಂದು ಕಂಡುಕೊಂಡಿದೆ. ಉಸಿರು ಕಟ್ಟುವುದನ್ನು ಮೊದಲು ಗಮನಿಸುವುದು ಪಕ್ಕದಲ್ಲಿ ಮಲಗಿದವರು.

ಒಂದು ಬೆವರಿಗೆ ಮಾತ್ರ ಬೆಳಗಾಗುವವರೆಗೆ ಕಾಯುವಂತಿಲ್ಲ. ಎದೆ ಹಿಂಡಿದಂತಾಗಿ, ನೋವು ಭುಜಕ್ಕೋ ದವಡೆಗೋ ಹರಿದು, ಉಸಿರು ಸಾಲದೆ ತಣ್ಣನೆಯ ಬೆವರು ಕಿತ್ತರೆ ಅದು ಹೃದಯಾಘಾತ ಇರಬಹುದು. ಗ್ಯಾಸ್ ಎಂದು ಸೋಡಾ ಕುಡಿಸುತ್ತ ಕೂರದೆ 108ಕ್ಕೆ ಕರೆ ಮಾಡಬೇಕು. ಸಕ್ಕರೆ ಕಾಯಿಲೆಯವರಲ್ಲಿ ಎದೆನೋವೇ ಇಲ್ಲದೆ ಬರೀ ಬೆವರು, ಸುಸ್ತು ಕಾಣಿಸಿಕೊಳ್ಳಬಹುದು.

ಉಳಿದಂತೆ, ಎರಡು ವಾರ ದಾಟಿದ ಕೆಮ್ಮು ಅಥವಾ ಜ್ವರ, ಕಫದಲ್ಲಿ ರಕ್ತ, ಕಾರಣವಿಲ್ಲದ ತೂಕ ಇಳಿತ, ಮೈಮೇಲೆ ಗಂಟು, ಇವುಗಳಲ್ಲಿ ಒಂದು ಜೊತೆಗಿದ್ದರೂ ಬೆವರಿನ ವಿಷಯ ಆ ವಾರವೇ ವೈದ್ಯರ ಕಿವಿಗೆ ಬೀಳಬೇಕು. ಎಚ್‌ಐವಿ ಇರುವವರು, ಮನೆಯಲ್ಲಿ ಕ್ಷಯರೋಗಿ ಇರುವವರು, ಹೃದಯದ ಕವಾಟದ ತೊಂದರೆಯಿದ್ದು ಜ್ವರ ಬಂದವರು ಎರಡು ವಾರ ಕಾಯುವುದೂ ಬೇಡ. ಜೊತೆಗೆ ಏನೂ ಇಲ್ಲದಿದ್ದರೂ, ವಾರಗಟ್ಟಲೆ ನಿದ್ದೆ ಕೆಡಿಸುವ ಬೆವರು ತೋರಿಸಿಕೊಳ್ಳಲು ಸಾಕಷ್ಟು ಕಾರಣವೇ.

ಹೋಗುವಾಗ ದಿನಾ ನುಂಗುವ ಮಾತ್ರೆಗಳ ಚೀಟಿ, ಸಂಜೆ ಮತ್ತು ಮಲಗುವ ಮುನ್ನ ಥರ್ಮಾಮೀಟರಿನಲ್ಲಿ ನೋಡಿದ ಒಂದು ವಾರದ ಜ್ವರದ ಲೆಕ್ಕ, ಹಳೆಯ ತೂಕ ಗೊತ್ತಿದ್ದರೆ ಅದು ಕೈಯಲ್ಲಿರಲಿ. ವೈದ್ಯರು ಸಾಮಾನ್ಯವಾಗಿ ರಕ್ತಕಣಗಳ ಎಣಿಕೆ, ಇಎಸ್‌ಆರ್, ಸಕ್ಕರೆ, ಥೈರಾಯ್ಡ್, ಎದೆಯ ಎಕ್ಸ್‌ರೇ, ಬೇಕಿದ್ದರೆ ಕಫ ಮತ್ತು ಎಚ್‌ಐವಿ ಪರೀಕ್ಷೆಯಿಂದ ಆರಂಭಿಸುತ್ತಾರೆ. ಎಲ್ಲ ಸರಿಯಾಗಿದ್ದು ಕಾರಣ ಸಿಗದೆ ಹೋಗುವುದೂ ಉಂಟು. ವಯಸ್ಸಾದವರನ್ನು ವರ್ಷಗಟ್ಟಲೆ ಗಮನಿಸಿದ ಅಮೆರಿಕದ ಮತ್ತೊಂದು ಅಧ್ಯಯನದಲ್ಲಿ ರಾತ್ರಿ ಬೆವರುವವರು ಬೇರೆಯವರಿಗಿಂತ ಬೇಗ ಸಾಯಲಿಲ್ಲ. ಕಾರಣ ಸಿಗದವರಿಗೆ ವೈದ್ಯರು ತೆಳ್ಳಗಿನ ಹತ್ತಿ ಹೊದಿಕೆ, ಗಾಳಿಯಾಡುವ ಕೋಣೆ, ಮಲಗುವ ಮುನ್ನ ಖಾರ ಮತ್ತು ಮದ್ಯ ಬಿಡುವಂತೆ ಹೇಳಿ, ಒಂದೆರಡು ತಿಂಗಳಲ್ಲಿ ತೂಕ ನೋಡಲು ಮತ್ತೆ ಕರೆಯುತ್ತಾರೆ. ಆ ಎರಡನೆಯ ಭೇಟಿಯನ್ನು ತಪ್ಪಿಸಬಾರದು. ಮೊದಲ ಸಲ ಕಾಣದ ಗಂಟು, ಸಣ್ಣ ಜ್ವರ ಅಷ್ಟರಲ್ಲಿ ಕಾಣಿಸಿಕೊಂಡಿರಬಹುದು.