ಹಸಿರು ಚುಕ್ಕೆಯ ಆಚೆಗೆ

ಅಂಗಡಿಯಿಂದ ತಂದ ಪೊಟ್ಟಣದ ಮೇಲೆ ನಮ್ಮ ಮನೆಗಳ ಹಿರಿಯರು ಮೊದಲು ಅರಸುವುದು ಹಸಿರು ಚುಕ್ಕೆಯನ್ನು. ಅದು ಕಂಡಿತೆಂದರೆ ಮನಸ್ಸು ನಿರಾಳ. ಆದರೆ ಆ ಚುಕ್ಕೆ ಸಸ್ಯಾಹಾರದ ಗುರುತೇ ಹೊರತು ಆರೋಗ್ಯದ ಗುರುತಲ್ಲ.

ಇತ್ತೀಚೆಗೆ ಭಕ್ತರೊಬ್ಬರ ಮನೆಗೆ ದಯಮಾಡಿಸಿದ್ದೆವು. ರಕ್ತದೊತ್ತಡವುಳ್ಳ ಆ ಮನೆಯ ತಾಯಿಯವರು ಅಡುಗೆಯಲ್ಲಿ ಉಪ್ಪನ್ನು ತಗ್ಗಿಸಿದ್ದರು. ಸಂಜೆಯ ಚಹದೊಡನೆ ಖಾರದ ಸೇವು ಮಾತ್ರ ತಪ್ಪಿರಲಿಲ್ಲ. ಪೊಟ್ಟಣದ ಹಿಂಬದಿಯ ಪೋಷಕಾಂಶಗಳ ಪಟ್ಟಿಯನ್ನು ನಾವು ಓದಿದೆವು. ಅಲ್ಲಿ ಉಪ್ಪೆಂದಿರಲಿಲ್ಲ, ಸೋಡಿಯಂ ಎಂದಿತ್ತು. 30 ಗ್ರಾಮಿನ ಒಂದು ಪಾಲಿಗೆ 240 ಮಿಲಿಗ್ರಾಂ. ದಿನದ ಮಿತಿಯಲ್ಲಿ ಶೇಕಡಾ 12. ಅಲ್ಪವೆನಿಸೀತು. ಆದರೆ ಪೊಟ್ಟಣದ ತೂಕ 150 ಗ್ರಾಂ, ಅಂದರೆ ಐದು ಪಾಲು! ಮುಗಿಸಿದರೆ 1200 ಮಿಲಿಗ್ರಾಂ. ಇದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ 3 ಗ್ರಾಂ. ಇಡೀ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಇರಲೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ತಾಯಿಯವರ ತಪ್ಪೇನು? ನಿತ್ಯ ವಚನಗಳನ್ನು ಓದುವವರು ಅವರು. ಪಟ್ಟಿ ಇದ್ದುದು ಇಂಗ್ಲಿಷಿನಲ್ಲಿ. ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮದಂತೆ ವಿವರಗಳು ಇಂಗ್ಲಿಷಿನಲ್ಲಿ ಇಲ್ಲವೆ ಹಿಂದಿಯಲ್ಲಿರಬೇಕು. ಆ ನಿಯಮದಡಿ ಕನ್ನಡ ತಯಾರಕರ ಇಚ್ಛೆಗೆ ಬಿಟ್ಟದ್ದು. ಇದು ನಮಗೆ ಸರಿಕಾಣದು. ಅಕ್ಷರಗಳೋ, ಸಾಸಿವೆಗಿಂತ ಸಣ್ಣವು.

ಪದಾರ್ಥಗಳ ಪಟ್ಟಿಯನ್ನೂ ನೋಡಬೇಕು. ಅಲ್ಲಿ ತೂಕದಲ್ಲಿ ಹೆಚ್ಚಿನದು ಮೊದಲು ಬರುತ್ತದೆ. ಮುಂಬದಿಯಲ್ಲಿ ರಾಗಿಯ ತೆನೆಯ ಚಿತ್ರವಿದ್ದು, ಹಿಂದೆ ಮೈದಾ, ಸಕ್ಕರೆಗಳೇ ಮೊದಲಿದ್ದರೆ ರಾಗಿ ಹೆಸರಿಗಷ್ಟೇ.

ನಾವು ಹೊರಡುವಾಗ ಮೊಮ್ಮಗಳು ಪಟ್ಟಿಯನ್ನು ಅಜ್ಜಿಗೆ ಕನ್ನಡದಲ್ಲಿ ಓದಿ ಹೇಳುತ್ತಿದ್ದಳು. ಒಂದು ಪಾಲು ತಟ್ಟೆಗೆ ಬಿದ್ದಿತ್ತು. ಉಳಿದುದು ಡಬ್ಬಿ ಸೇರಿತ್ತು.